ಗೇರಿಲ್ಲದ ಗಾಡಿಯ ಗುಟ್ಟು

‘ಗೇರಿಲ್ಲದ ಗಾಡಿ’ ಎಂಬ ಮಾತು ನಮ್ಮಲ್ಲಿ ರೂಢವಾಗಿಬಿಟ್ಟಿದೆ. ಎಡಗಾಲಿಗೆ ಕೆಲಸವಿಲ್ಲದೆ, ಎಡಗೈಯಿಂದ ಹಿಡಿಕೆಯನ್ನು ತಿರುವುವ ಶ್ರಮವಿಲ್ಲದೆ, ಬಲಗೈಯನ್ನು ತುಸು ಹೊರಳಿಸಿದ ಮಾತ್ರಕ್ಕೆ ಮುಂದೆ ಸಾಗುವ ಸ್ಕೂಟರನ್ನು ಹಾನಗಲ್ಲಿನ ಪೇಟೆಯಲ್ಲಾಗಲಿ ಸವಣೂರಿನ ಸಂತೆಯಲ್ಲಾಗಲಿ ಜನ ಕರೆಯುವುದು ಹೀಗೆಯೇ. ಹೆಸರೇನೋ ಸೊಗಸಾಗಿದೆ, ಆದರೆ ನಿಜವಲ್ಲ. ಆ ಗಾಡಿಗೆ ಗೇರು ಇಲ್ಲವೆಂದಲ್ಲ, ಲೆಕ್ಕಕ್ಕೆ ಸಿಕ್ಕದಷ್ಟು ಗೇರುಗಳಿವೆ. ಅವುಗಳನ್ನು ಬದಲಿಸುವ ಕೆಲಸವನ್ನು ನಮ್ಮ ಕೈಕಾಲುಗಳಿಂದ ತೆಗೆದು, ಎಡಮಗ್ಗುಲಿನ ಪೆಟ್ಟಿಗೆಯೊಳಗಿರುವ ಒಂದು ರಬ್ಬರು ಬೆಲ್ಟಿಗೂ ಆರು ಪುಟ್ಟ ರೋಲರುಗಳಿಗೂ ಕೆಲವು ಸ್ಪ್ರಿಂಗುಗಳಿಗೂ ಒಪ್ಪಿಸಿದ್ದಾರೆ, ಅಷ್ಟೆ. ಕಣ್ಣಿಗೆ ಬೀಳದೆ ದುಡಿಯುವ ಆಳನ್ನು ಯಜಮಾನರು ಮರೆಯುವುದು ಲೋಕರೂಢಿ. ಆ ಮರೆವಿಗೆ ತೆರಬೇಕಾದ ದಂಡವೇನು, ತಪ್ಪಿಸಿಕೊಳ್ಳುವ ಬಗೆ ಹೇಗೆ ಎಂಬುದೇ ಈ ವಾರದ ವಿಚಾರ.

ಇದು ಯಂತ್ರಪ್ರಿಯರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು—೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಸ್ಕೂಟರು ಈಗ ವಿಲಾಸದ ವಸ್ತುವಾಗಿ ಉಳಿದಿಲ್ಲ. ಪೇಟೆಯಲ್ಲಿ ಮನೆ ಮಾಡಿಕೊಂಡು ಹಳ್ಳಿಯ ಶಾಲೆಗೆ ದಿನವೂ ಹೋಗಿಬರುವ ಶಿಕ್ಷಕಿ, ಊರೂರು ತಿರುಗಿ ಬಾಣಂತಿಯರನ್ನು ವಿಚಾರಿಸುವ ದಾದಿ, ಬ್ಯಾಂಕಿನ ಗುಮಾಸ್ತೆ, ಕಾಲೇಜಿನ ಹುಡುಗಿ—ಇವರಿಗೆಲ್ಲ ಈ ಗಾಡಿಯೇ ಕಾಲು. ಬಸ್ಸಿನ ವೇಳೆಗೆ ತಮ್ಮ ಬದುಕನ್ನು ಹೊಂದಿಸಿಕೊಳ್ಳಬೇಕಾಗಿದ್ದ ಹೆಣ್ಣುಮಕ್ಕಳು ತಮ್ಮ ವೇಳೆಗೆ ತಾವೇ ಹೊರಡುವಂತಾದುದು ಇದರಿಂದ. ಅಂಥ ಗಾಡಿಯ ಬೆಲ್ಟು ಮುಸ್ಸಂಜೆಯ ಹೊತ್ತಿಗೆ ಹೊಲದ ನಡುವಿನ ದಾರಿಯಲ್ಲಿ ಕಡಿದು ಬಿದ್ದಿತೆನ್ನಿ. ಎಂಜಿನ್ನು ಓಡುತ್ತಲೇ ಇರುತ್ತದೆ, ದೀಪವೂ ಉರಿಯುತ್ತದೆ. ಆದರೆ ಗಾಲಿ ಮಾತ್ರ ಒಂದು ಅಂಗುಲವೂ ಮುಂದೆ ಹೋಗದು. ನೂರು ಕಿಲೋಗ್ರಾಮಿಗೂ ಮಿಕ್ಕಿದ ಭಾರವನ್ನು ಒಬ್ಬಳೇ ನೂಕಿಕೊಂಡು ಊರು ಸೇರಬೇಕು. ಮುನ್ಸೂಚನೆ ಕೊಡದೆ ಬೆಲ್ಟು ಕಡಿಯುವುದು ಅಪರೂಪ. ಕೊಟ್ಟ ಸೂಚನೆಯನ್ನು ನಾವು ಕೇಳದಿರುವುದೇ ಹೆಚ್ಚು.

ಮೊದಲು ಈ ಯುಕ್ತಿ ಬಂದ ದಾರಿಯನ್ನು ಸಂಕ್ಷೇಪವಾಗಿ ನೋಡೋಣ. ಹಾಲೆಂಡಿನ ಡಾಫ್ ಕಾರ್ಖಾನೆಯವರು ೧೯೫೮ರಲ್ಲಿ ಒಂದು ಪುಟ್ಟ ಕಾರನ್ನು ಪ್ರದರ್ಶಿಸಿದರು. ಅದರಲ್ಲಿ ಹಲ್ಲುಗಾಲಿಯ ಗೇರುಪೆಟ್ಟಿಗೆಗೆ ಬದಲಾಗಿ ಬೆಲ್ಟೂ ಹಿಗ್ಗಿ ಕುಗ್ಗುವ ರಾಟೆಗಳೂ ಇದ್ದವು. ಹಬ್ ವಾನ್ ಡೂರ್ನ್ ಎಂಬಾತನ ಕಲ್ಪನೆಯಾದ ಈ ಏರ್ಪಾಡಿಗೆ ‘ವೇರಿಯೋಮ್ಯಾಟಿಕ್’ ಎಂದು ಹೆಸರಿಟ್ಟರು. ನಮ್ಮ ದೇಶದಲ್ಲಿ ೧೯೭೨ರಲ್ಲಿ ಬಂದ ಲೂನಾ ಮೊಪೆಡ್ಡು ಗೇರು ಬದಲಿಸುವ ಕಷ್ಟವನ್ನೇನೋ ತಪ್ಪಿಸಿತ್ತು. ಆದರೆ ಅದಕ್ಕಿದ್ದುದು ಒಂದೇ ಗೇರು. ಜಪಾನಿನ ಹೋಂಡಾ ಸಂಸ್ಥೆಯೊಡನೆ ಕೂಡಿ ಕೈನೆಟಿಕ್ ಸಂಸ್ಥೆಯವರು ೧೯೮೪ರಲ್ಲಿ ಆರಂಭಿಸಿದ ಉದ್ಯಮದ ಸ್ಕೂಟರಿನಿಂದ ಬೆಲ್ಟಿನ ಗೇರು ನಮ್ಮ ಮಧ್ಯಮವರ್ಗದ ಮನೆಗಳಿಗೆ ಪರಿಚಿತವಾಯಿತು. ಈ ಶತಮಾನದ ಆರಂಭದಲ್ಲಿ ಆಕ್ಟಿವಾ ಬಂದ ಮೇಲಂತೂ ಅದು ಬೀದಿಬೀದಿಯ ನೋಟವಾಯಿತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ೨೦೧೩ರಲ್ಲಿ ಹೋಂಡಾ ಕಾರ್ಖಾನೆಯೇ ತೆರೆಯಿತು.

ಇನ್ನು ಪೆಟ್ಟಿಗೆಯೊಳಗಿನ ಗುಟ್ಟು. ಚರಕವನ್ನು ಕಂಡವರಿಗೆ ಇದನ್ನು ತಿಳಿಯುವುದು ಸುಲಭ. ಚರಕದ ದೊಡ್ಡ ಗಾಲಿಯಿಂದ ಪುಟ್ಟ ಕದಿರಿಗೆ ಒಂದು ದಾರ ಸುತ್ತಿರುತ್ತದೆ. ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಕದಿರು ಹಲವು ಸುತ್ತು ತಿರುಗಿರುತ್ತದೆ. ಈಗ, ನೂಲುತ್ತಿರುವಾಗಲೇ ಗಾಲಿ ತಾನಾಗಿ ಕಿರಿದಾಗುತ್ತ, ಕದಿರು ತಾನಾಗಿ ಹಿರಿದಾಗುತ್ತ ಹೋಗುವ ಮಾಯಾಚರಕವೊಂದನ್ನು ಕಲ್ಪಿಸಿಕೊಳ್ಳಿ. ಸ್ಕೂಟರಿನ ಪೆಟ್ಟಿಗೆಯಲ್ಲಿರುವುದು ಅಂಥದೇ. ಎರಡು ಬಟ್ಟಲುಗಳನ್ನು ತಳಕ್ಕೆ ತಳ ಹಚ್ಚಿ ಹಿಡಿದರೆ ಡಮರುವಿನ ನಡುವಿನಂತೆ ಒಂದು ಕಣಿವೆ ಏರ್ಪಡುತ್ತದಲ್ಲವೆ? ರಾಟೆಯ ಆಕಾರ ಅದು. ಬಟ್ಟಲುಗಳು ದೂರ ಸರಿದರೆ ಬೆಲ್ಟು ಕಣಿವೆಯ ಆಳಕ್ಕೆ ಇಳಿಯುತ್ತದೆ, ರಾಟೆ ಚಿಕ್ಕದಾದಂತಾಯಿತು. ಹತ್ತಿರ ಬಂದರೆ ಬೆಲ್ಟು ಅಂಚಿಗೆ ಏರುತ್ತದೆ, ರಾಟೆ ದೊಡ್ಡದಾದಂತಾಯಿತು.

ಮುಂದಿನ ರಾಟೆ ಎಂಜಿನ್ನಿನ ಅಚ್ಚಿಗೆ ಸೇರಿದ್ದು. ಇದನ್ನು ನಮ್ಮ ಮೇಸ್ತ್ರಿಗಳು ವೇರಿಯೇಟರು ಎನ್ನುತ್ತಾರೆ. ಇದರ ಬೆನ್ನಿನಲ್ಲಿ, ಓರೆಯಾದ ಹಾದಿಗಳಲ್ಲಿ, ಸಾಮಾನ್ಯವಾಗಿ ಆರು ರೋಲರುಗಳಿರುತ್ತವೆ. ಹಕ್ಕಿ ಕಾಯುವವನು ಕವಣೆಯನ್ನು ಬೀಸಿ ತಿರುಗಿಸಿದಾಗ ಕಲ್ಲು ಹೊರಕ್ಕೆ ಜಗ್ಗುವಂತೆ, ಎಂಜಿನ್ನಿನ ವೇಗ ಏರಿದೊಡನೆ ಈ ರೋಲರುಗಳು ಹೊರಕ್ಕೆ ಸರಿದು ಬಟ್ಟಲನ್ನು ಒತ್ತುತ್ತವೆ. ಬೆಲ್ಟು ಅಂಚಿಗೆ ಏರುತ್ತದೆ. ಬೆಲ್ಟಿನ ಉದ್ದ ಹೆಚ್ಚುವಂತಿಲ್ಲವಾದುದರಿಂದ ಹಿಂದಿನ ರಾಟೆಯಲ್ಲಿ ಅದು ಸ್ಪ್ರಿಂಗನ್ನು ಮಣಿಸಿ ಆಳಕ್ಕೆ ಇಳಿಯುತ್ತದೆ. ನಿಧಾನದ ಗೇರಿನಿಂದ ವೇಗದ ಗೇರಿಗೆ ಗಾಡಿ ಜಾರುವುದು ಹೀಗೆ. ದಿಬ್ಬ ಎದುರಾದಾಗ ಹಿಂದಿನ ರಾಟೆಯಲ್ಲಿ ಓರೆಯಾಗಿ ಕೊರೆದ ಕಂಡಿಗಳೂ ಅವುಗಳಲ್ಲಿ ಆಡುವ ಪಿನ್ನುಗಳೂ ಭಾರವನ್ನು ಅರಿತು ಬಟ್ಟಲುಗಳನ್ನು ಮತ್ತೆ ಬಿಗಿಯುತ್ತವೆ. ಗಾಡಿ ತಾನಾಗಿ ಕೆಳಗೇರಿಗೆ ಮರಳುತ್ತದೆ. ಇದೇ ಅಚ್ಚಿನ ಮೇಲೆ ಕ್ಲಚ್ಚಿನ ಶೂಗಳಿವೆ. ವೇಗ ಕಡಿಮೆಯಿರುವಾಗ ಚಿಕ್ಕ ಸ್ಪ್ರಿಂಗುಗಳು ಅವನ್ನು ಒಳಗೆ ಹಿಡಿದಿಡುತ್ತವೆ. ಏರಿದಾಗ ಅವು ಅರಳಿ, ಸುತ್ತಲಿನ ಗಂಟೆಯಾಕಾರದ ಬಟ್ಟಲನ್ನು ಕಚ್ಚಿ ಗಾಲಿಗೆ ಬಲವನ್ನು ಮುಟ್ಟಿಸುತ್ತವೆ.

ಈ ತತ್ತ್ವದ ಕ್ಲಚ್ಚು ಅತ್ಯಂತ ಕಠಿಣವಾದ ಪರೀಕ್ಷೆಗೆ ಗುರಿಯಾಗುವುದು ನಮ್ಮ ರಸ್ತೆಗಳಲ್ಲಲ್ಲ, ಹಿಮದ ಮೇಲೆ. ಮುಂದೆ ಎರಡು ಜಾರುಹಲಗೆಗಳೂ ಹಿಂದೆ ಅಗಲವಾದ ರಬ್ಬರು ಪಟ್ಟಾವೂ ಇರುವ ‘ಸ್ನೋಮೊಬೈಲ್’ ಎಂಬ ಹಿಮಬಂಡಿಗಳನ್ನು ಕಾಶ್ಮೀರದ ಗುಲ್ಮಾರ್ಗಕ್ಕೆ ಚಳಿಗಾಲದಲ್ಲಿ ಹೋದವರು ಕಂಡಿರಬಹುದು. ಕೆನಡಾ ದೇಶದ ಕ್ಯುಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬಾತ ೧೯೫೯ರಲ್ಲಿ ‘ಸ್ಕೀ-ಡೂ’ ಹೆಸರಿನ ಹಗುರ ಬಂಡಿಯನ್ನು ಮಾರುಕಟ್ಟೆಗೆ ತಂದಮೇಲೆ ಇಂಥ ಬಂಡಿಗಳು ಹಿಮದ ನಾಡುಗಳಲ್ಲಿ ಮನೆಮಾತಾದವು. ಅವುಗಳಲ್ಲಿಯೂ ಬೆಲ್ಟೇ ಗೇರು. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಪ್ರತ್ಯೇಕವಾದ ಕ್ಲಚ್ ಶೂಗಳಿಲ್ಲ; ಮುಂದಿನ ರಾಟೆಯೇ ಬೆಲ್ಟನ್ನು ಸಡಿಲಬಿಟ್ಟು, ವೇಗ ಬಂದಾಗ ಹಿಡಿದುಕೊಳ್ಳುತ್ತದೆ. ಊರಿನಿಂದ ದೂರದ ಹಿಮದಲ್ಲಿ ಬೆಲ್ಟು ಕಡಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಅನುಭವಿಗಳು ಹೆಚ್ಚಿನದೊಂದು ಬೆಲ್ಟನ್ನು ಬಂಡಿಯಲ್ಲಿಯೇ ಇಟ್ಟುಕೊಂಡು ಹೊರಡುತ್ತಾರೆ.

ಅವರಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಗುಲ್ಮಾರ್ಗವು ಸಮುದ್ರಮಟ್ಟದಿಂದ ಸುಮಾರು ೨,೬೫೦ ಮೀಟರು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ಹೆಚ್ಚುಕಡಮೆ ಕಾಲುಭಾಗದಷ್ಟು ತೆಳುವಾಗಿರುತ್ತದೆ. ಎಂಜಿನ್ನಿನ ಬಲವೂ ಆ ಪ್ರಮಾಣದಲ್ಲಿ ಕುಂದುತ್ತದೆ. ಆಗ ಕ್ಲಚ್ಚಿನ ತೂಕದ ತುಂಡುಗಳನ್ನು ತೆಗೆದು ಹಗುರವಾದವನ್ನು ಹಾಕುತ್ತಾರೆ. ಬಲಗುಂದಿದ ಎಂಜಿನ್ನು ಮೇಲ್ಗೇರಿಗೆ ಬೇಗ ಏರಿ ಏದುಸಿರು ಬಿಡದಿರಲೆಂಬುದೇ ಇದರ ಉದ್ದೇಶ. ಅಲ್ಲಿ ಮಾರ್ಪಾಟೆಂಬುದು ನೆಲಕ್ಕೂ ಗಾಳಿಗೂ ಕೊಟ್ಟ ಉತ್ತರ. ಚಪಲಕ್ಕೆ ಕೊಟ್ಟ ಉತ್ತರವಲ್ಲ. ನಮ್ಮ ಸ್ಕೂಟರಿಗೂ ಇದೇ ನ್ಯಾಯ ಸಲ್ಲುತ್ತದೆ. ಏನನ್ನಾದರೂ ಬದಲಿಸುವ ಮೊದಲು ನಮ್ಮ ನೆಲ ಎಂಥದು ಎಂದು ಕೇಳಿಕೊಳ್ಳಬೇಕು.

ಹಾನಗಲ್ಲಿನದು ಮಲೆನಾಡಿನ ಸೆರಗು. ಭತ್ತದ ಗದ್ದೆಗಳ ನಡುವಿನ ದಾರಿಯಲ್ಲಿ ಮಳೆಗಾಲದ ನೀರು ಮೊಣಕಾಲೆತ್ತರಕ್ಕೆ ನಿಂತಾಗ ಗಾಡಿಯನ್ನು ಅದರಲ್ಲಿ ಇಳಿಸಿದರೆ ಬೆಲ್ಟಿನ ಪೆಟ್ಟಿಗೆಗೆ ನೀರು ನುಗ್ಗುತ್ತದೆ. ಒದ್ದೆಯಾದ ಬೆಲ್ಟು ರಾಟೆಯ ಮೇಲೆ ಜಾರುತ್ತದೆ. ಸವಣೂರಿನ ಕಡೆಗೆ ಎರೆಭೂಮಿ. ಬೇಸಗೆಯಲ್ಲಿ ಸಣ್ಣ ಧೂಳು, ಮಳೆಯಲ್ಲಿ ಅಂಟುಮಣ್ಣು. ಮುಂದಿನ ರಾಟೆಗೆ ಬೀಸಣಿಗೆಯಂತೆ ರೆಕ್ಕೆಗಳಿದ್ದು, ಅವು ಗಾಳಿಯನ್ನು ಸೆಳೆದು ಬೆಲ್ಟನ್ನು ತಂಪಾಗಿಡುತ್ತವೆ. ಗಾಳಿಯ ಕಂಡಿ ಮಣ್ಣಿನಿಂದ ಮುಚ್ಚಿದರೆ ಒಳಗೆ ಕಾವೇರುತ್ತದೆ. ಶಿಗ್ಗಾಂವಿಯನ್ನು ಹಾದುಹೋಗುವುದು ಪುಣೆ–ಬೆಂಗಳೂರು ಹೆದ್ದಾರಿ. ಅಲ್ಲಿ ಗಾಡಿ ಬಹುದೂರ ಪೂರ್ಣವೇಗದಲ್ಲಿಯೇ ಓಡುವುದರಿಂದ ಬೆಲ್ಟಿನ ಎರಡು ಮಗ್ಗುಲುಗಳೂ ಸವೆಯುತ್ತವೆ. ಹಿರೇಕೆರೂರಿನ ಸೀಮೆಯಲ್ಲಿ ಗುಡ್ಡದ ಏರಿಳಿತವುಂಟು, ಹೊರೆಯೂ ಉಂಟು. ಹಿಂದೆ ಒಬ್ಬರು, ಕಾಲ ಬಳಿ ಗೋವಿನಜೋಳದ ಚೀಲ. ಅಂಥ ಭಾರದಲ್ಲಿ ದಿಬ್ಬದ ನಡುವೆ ನಿಂತು ಹೊರಟಾಗಲೆಲ್ಲ ಕ್ಲಚ್ ಶೂಗಳು ಉಜ್ಜಿಕೊಂಡು ಸುಡುತ್ತವೆ. ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಂದ ನಾಲ್ಕು ಗಾಡಿಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ಬಗೆಯಾಗಿ ಮುದಿಯಾಗುವುದು ಇದರಿಂದಲೇ.

ಆದರೂ ನಮ್ಮವರ ಸಂಶಯ ಮೊದಲು ಹೋಗುವುದು ಎಂಜಿನ್ನಿನ ಮೇಲೆ. ಶಿಗ್ಗಾಂವಿಯ ಒಂದು ಗ್ಯಾರೇಜಿನಲ್ಲಿ ಶಿಕ್ಷಕಿಯೊಬ್ಬರೂ ಮೇಸ್ತ್ರಿಯೂ ಆಡಿಕೊಂಡ ಮಾತು ನನ್ನ ಕಿವಿಗೆ ಬಿದ್ದುದುಂಟು.

“ಎಂಜಿನ್ ಬೋರ್ ಮಾಡಸಬೇಕೇನಣ್ಣಾ? ಗಾಡಿ ಬರೇ ಒದರತೈತಿ, ದಿಬ್ಬ ಏರವಲ್ದು.”

“ಎಂಜಿನ್ನಿಗೆ ಏನೂ ಆಗಿಲ್ರೀ ಅಕ್ಕೋರ. ಬೆಲ್ಟ್ ಸವದೈತಿ, ರೋಲರ್ ಚಪ್ಪಟಿ ಆಗ್ಯಾವ. ನೀವ ಕೈಯಾಗ ಹಿಡದು ನೋಡ್ರಿ.”

ಆಕೆ ರೋಲರೊಂದನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದರು. ದುಂಡಗಿರಬೇಕಾದ ರೋಲರಿನ ಒಂದು ಮಗ್ಗುಲು ಹಲಗೆಯಂತೆ ಮಟ್ಟಸವಾಗಿತ್ತು. ಉರುಳಬೇಕಾದ ವಸ್ತು ಜಾರುತ್ತಿತ್ತು. ಜಾರಿ ಜಾರಿ ಅರ್ಧದಲ್ಲಿಯೇ ನಿಲ್ಲುತ್ತಿತ್ತು. ಆ ಮೇಸ್ತ್ರಿ ಮಾಡಿದುದು ನಿಜವಾದ ಪಾಠ. ಮಾತಿನಿಂದ ಒಪ್ಪಿಸದೆ, ಸವೆದ ಭಾಗವನ್ನು ಕೈಗಿತ್ತು ಒಪ್ಪಿಸಿದ. ಗಾಡಿಯ ಒಡೆಯರು ಎಲ್ಲ ಕಡೆಯಲ್ಲಿಯೂ ಇದನ್ನು ಕೇಳಿ ಪಡೆಯಬೇಕು. ತೆಗೆದ ಹಳೆಯ ಬೆಲ್ಟನ್ನೂ ರೋಲರುಗಳನ್ನೂ ತೋರಿಸಿರೆಂದು ಕೇಳುವುದು ಅಪನಂಬಿಕೆಯಲ್ಲ, ವ್ಯವಹಾರ.

ಹಾಗಾದರೆ ಗಾಡಿ ಕೊಡುವ ಸೂಚನೆಗಳಾವುವು? ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ಬೆಲ್ಟು ಇಲ್ಲವೆ ಕ್ಲಚ್ಚು ಜಾರುತ್ತಿದೆಯೆಂದು ತಿಳಿಯಬೇಕು. ಹೊರಡುವಾಗ ಗಾಡಿ ಗಡಗಡನೆ ನಡುಗಿದರೆ ಶೂಗಳು ಗಾಜಿನಂತೆ ನುಣುಪಾಗಿವೆ, ಅಥವಾ ಅವುಗಳ ಬಟ್ಟಲಿನಲ್ಲಿ ಗೀರು ಬಿದ್ದಿದೆ. ಮೊದಲು ಮುಟ್ಟುತ್ತಿದ್ದ ವೇಗವನ್ನು ಈಗ ಮುಟ್ಟದಿದ್ದರೆ ಬೆಲ್ಟಿನ ಅಗಲ ಕುಗ್ಗಿರಬೇಕು, ಇಲ್ಲವೆ ರೋಲರುಗಳು ಚಪ್ಪಟೆಯಾಗಿರಬೇಕು. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕಲು ಹೊರಟಾಗಲೇ ಈ ಕೊರತೆ ಬಯಲಾದರೆ ಅದರ ಬೆಲೆಯನ್ನು ಹೇಳಬೇಕಾಗಿಲ್ಲ. ಸುಟ್ಟ ರಬ್ಬರಿನ ವಾಸನೆ ಬಂದರೆ ಬೆಲ್ಟು ಕಾದು ಜಾರುತ್ತಿರುವ ಸಂಭವವುಂಟು. ಎಲ್ಲಕ್ಕಿಂತ ಅಪಾಯದ ಸೂಚನೆ ಇನ್ನೊಂದಿದೆ: ಕೈಯನ್ನು ಪೂರ್ತಿ ಸಡಿಲಬಿಟ್ಟರೂ ಗಾಡಿ ಮುಂದಕ್ಕೆ ತೆವಳುವುದು. ಶೂಗಳನ್ನು ಹಿಡಿದಿಡುವ ಸ್ಪ್ರಿಂಗು ಸತ್ತಾಗ, ಇಲ್ಲವೆ ಎಂಜಿನ್ನಿನ ಮಂದಗತಿಯನ್ನು ಹೆಚ್ಚು ಮಾಡಿಟ್ಟಾಗ ಹೀಗಾಗುತ್ತದೆ. ಮನೆಯ ಮುಂದೆ ಎಂಜಿನ್ನು ಚಾಲೂ ಮಾಡಿ ನಿಲ್ಲಿಸಿದ ಗಾಡಿಯ ಹಿಡಿಕೆಯನ್ನು ಮಗು ತಿರುವಿತೆಂದರೆ ಏನಾದೀತೆಂದು ತಾಯಂದಿರು ಊಹಿಸಿಕೊಳ್ಳಬೇಕು. ಎಂಜಿನ್ನು ಓಡುವಾಗ ಮಗುವನ್ನು ಗಾಡಿಯ ಮೇಲೆ ಒಂಟಿಯಾಗಿ ಕೂಡಿಸುವುದು ಎಂದಿಗೂ ಸಲ್ಲದು.

ಪಾಲನೆಯ ಕ್ರಮ ಕಷ್ಟದ್ದಲ್ಲ. ಬೆಲ್ಟಿನ ಅಗಲವನ್ನು ವರ್ನಿಯರಿನಿಂದ ಅಳೆದು, ಗಾಡಿಯೊಡನೆ ಬಂದ ಕ್ರಮದಂತೆ ತಯಾರಕರು ಗೊತ್ತುಮಾಡಿದ ಮಿತಿಗಿಂತ ಕುಗ್ಗಿದ್ದರೆ ಬದಲಿಸಬೇಕು. ಬಿರುಕು ಕಂಡರೆ, ನೂಲು ಎದ್ದಿದ್ದರೆ ಅಳತೆಗೂ ಕಾಯಬಾರದು. ಅನೇಕ ಸ್ಕೂಟರುಗಳಲ್ಲಿ ೨೪,೦೦೦ ಕಿಲೋಮೀಟರಿನ ಆಸುಪಾಸಿನಲ್ಲಿ ಬೆಲ್ಟು ಬದಲಿಸಬೇಕೆಂಬ ನಿಯಮವಿದೆ. ಧೂಳು, ಹೊರೆ, ದಿಬ್ಬಗಳ ನಮ್ಮ ಸೀಮೆಯಲ್ಲಿ ಅದಕ್ಕೆ ಮೊದಲೇ ಒಮ್ಮೆ ಪೆಟ್ಟಿಗೆ ತೆರೆದು ನೋಡಿಸುವುದು ಜಾಣತನ. ರೋಲರುಗಳನ್ನು ಬದಲಿಸುವಾಗ ಆರನ್ನೂ ಒಟ್ಟಿಗೆ ಬದಲಿಸಬೇಕು. ಮೂರು ಹೊಸತು, ಮೂರು ಹಳತು ಎಂಬ ಉಳಿತಾಯದಿಂದ ರಾಟೆಯ ಮೇಲಿನ ಒತ್ತಡದ ಸಮತೋಲ ಕೆಡುತ್ತದೆ. ಅವುಗಳ ಜೊತೆಗೆ ಬಟ್ಟಲಿನ ಹಿಂದಿರುವ ಪ್ಲಾಸ್ಟಿಕ್ಕಿನ ಸ್ಲೈಡರುಗಳನ್ನೂ ನೋಡಬೇಕು. ಗ್ರೀಸು ಎಲ್ಲಿ, ಎಷ್ಟು ಎಂಬುದನ್ನು ತಯಾರಕರ ಪುಸ್ತಕ ಹೇಳಿದಂತೆಯೇ ಹಾಕಬೇಕು. ‘ಇರಲಿ’ ಎಂದು ಹಾಕಿದ ಹೆಚ್ಚಿನ ಗ್ರೀಸು ತಿರುಗಿದಾಗ ಸಿಡಿದು ಬೆಲ್ಟಿಗೆ ತಾಗುತ್ತದೆ. ಎಣ್ಣೆಗೈಯ ಜಟ್ಟಿಯನ್ನು ಹಿಡಿಯಲು ಹೋದಂತೆ ಆಮೇಲೆ ಹಿಡಿತ ಸಿಕ್ಕದು. ರಾಟೆಯ ಮುಖಗಳು ಚೊಕ್ಕಟವಾಗಿ, ಜಿಡ್ಡಿಲ್ಲದೆ ಇರಬೇಕು. ಒಳಗೆ ಕೂತ ಕಪ್ಪು ಧೂಳನ್ನು ಬಾಯಿಂದ ಊದುವ ಚಾಳಿ ಶ್ವಾಸಕೋಶಕ್ಕೆ ಕೇಡು. ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು.

ಹೊಸ ಬೆಲ್ಟು ಹಾಕುವಾಗ ಅವಸರದ ಮೇಸ್ತ್ರಿಗಳಿಂದ ಒಂದು ತಪ್ಪು ನಡೆಯುವುದುಂಟು. ಹಿಂದಿನ ರಾಟೆಯ ಬಟ್ಟಲುಗಳನ್ನು ಅಗಲಿಸಿ ಬೆಲ್ಟನ್ನು ಆಳಕ್ಕೆ ಅದುಮಿ ಮುಂದೆ ಸಡಿಲ ಮಾಡಿಕೊಳ್ಳದಿದ್ದರೆ, ಮುಂದಿನ ನಟ್ಟನ್ನು ಬಿಗಿಯುವಾಗ ಬಟ್ಟಲುಗಳ ನಡುವೆ ಬೆಲ್ಟೇ ಸಿಕ್ಕಿಕೊಳ್ಳುತ್ತದೆ. ನಟ್ಟು ಬಿಗಿಯಾದಂತೆ ತೋರುತ್ತದೆ, ಆದರೆ ಬಿಗಿಯಾಗಿರುವುದಿಲ್ಲ. ಕೆಲವು ಕಾಲ ಓಡಿದ ಮೇಲೆ ಅದು ಸಡಿಲಗೊಂಡು ಅಚ್ಚಿನ ಹಲ್ಲುಗಳನ್ನೇ ಕೆಡಿಸುತ್ತದೆ. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೆ ಸರಿಹೋಗಿರಬೇಕು. ನಟ್ಟನ್ನು ಗೊತ್ತಾದ ಬಲಕ್ಕೆ ಅಳೆದು ಬಿಗಿಯುವ ಪಾನವೇ ಆಗಬೇಕು. ಮುಚ್ಚಳ ತೆಗೆದಿಟ್ಟು ಎಂಜಿನ್ನನ್ನು ಓಡಿಸಿ ‘ನೋಡ್ರಿ’ ಎನ್ನುವವರ ಬಳಿ ಸೆರಗು, ಜಡೆ, ಬೆರಳು ಯಾವುದೂ ಸುಳಿಯಬಾರದು.

ಇನ್ನು ಮಾರ್ಪಾಟಿನ ಮಾತು. ಮನೆಯ ತರುಣರು ಹಗುರ ರೋಲರು, ಗಟ್ಟಿ ಸ್ಪ್ರಿಂಗುಗಳನ್ನು ತರಿಸಿ ಗಾಡಿಗೆ ‘ಪಿಕಪ್’ ಬರಿಸುವ ಉತ್ಸಾಹ ತೋರುತ್ತಾರೆ. ಅವರ ಉತ್ಸಾಹವನ್ನು ಹಳಿಯುವುದಕ್ಕಿಂತ ಲೆಕ್ಕ ಹಾಕಿ ತೋರಿಸುವುದು ಲೇಸು. ರೋಲರು ಹೊರಕ್ಕೊತ್ತುವ ಬಲವು ಅದರ ತೂಕದಂತೆ ಹೆಚ್ಚುತ್ತದೆ. ತಿರುಗುವ ವೇಗದ ವರ್ಗದಂತೆ ಹೆಚ್ಚುತ್ತದೆ. ತೂಕವನ್ನು ಶೇಕಡಾ ೧೦ ಇಳಿಸಿದರೆ ಅದೇ ಒತ್ತಡಕ್ಕೆ ಎಂಜಿನ್ನು ಶೇಕಡಾ ೫ಕ್ಕಿಂತ ತುಸು ಹೆಚ್ಚು ವೇಗವಾಗಿ ತಿರುಗಬೇಕು. ನಿಮಿಷಕ್ಕೆ ೫,೦೦೦ ಸುತ್ತಿನಲ್ಲಿ ಆಗುತ್ತಿದ್ದ ಗೇರಿನ ಬದಲಾವಣೆ ಈಗ ೫,೨೭೦ರ ಸುಮಾರಿಗೆ ಆದೀತು. ದಿಬ್ಬದಲ್ಲಿ, ಹೊರೆಯಲ್ಲಿ ಇದು ಅನುಕೂಲವೇ. ಆದರೆ ಸಮತಟ್ಟಾದ ದಾರಿಯಲ್ಲಿ ಪೆಟ್ರೋಲೂ ಸದ್ದೂ ಹೆಚ್ಚುತ್ತವೆ. ಎಂಜಿನ್ನಿನ ಬಲವಂತೂ ಒಂದಿಷ್ಟೂ ಹೆಚ್ಚಿರುವುದಿಲ್ಲ. ಹಿಂದಿನ ರಾಟೆಗೆ ಗಟ್ಟಿ ಸ್ಪ್ರಿಂಗು ಹಾಕಿದರೆ ಬೆಲ್ಟಿನ ಮೇಲೆ ಒತ್ತಡ ಹೆಚ್ಚಿ ಅದು ಬೇಗ ಸವೆಯುತ್ತದೆ. ಶೂಗಳಿಗೆ ಗಟ್ಟಿ ಸ್ಪ್ರಿಂಗು ಹಾಕಿದರೆ ಗಾಡಿ ಹೆಚ್ಚು ವೇಗಕ್ಕೆ ಹಿಡಿದು, ಚಂಗನೆ ನೆಗೆದು ಹೊರಡುತ್ತದೆ. ಹಿಂದೆ ಕುಳಿತ ಅಜ್ಜಿಗೆ ಆ ನೆಗೆತ ಹಿತವಾಗದು.

ಹಿರೇಕೆರೂರಿನ ಗುಡ್ಡದ ದಾರಿಯಲ್ಲಿ ನಿತ್ಯವೂ ಹೊರೆ ಸಾಗಿಸುವವರು ಬಲ್ಲ ಮೇಸ್ತ್ರಿಯನ್ನು ಕೇಳಿ ರೋಲರಿನ ತೂಕವನ್ನು ತುಸು ಇಳಿಸಿಕೊಂಡರೆ ಅದಕ್ಕೆ ಅರ್ಥವಿದೆ. ಅದು ಗುಲ್ಮಾರ್ಗದವರ ನ್ಯಾಯವೇ. ಶಿಗ್ಗಾಂವಿಯ ಹೆದ್ದಾರಿಯಲ್ಲಿ ಓಡುವವರಿಗೆ ಅದರಿಂದ ನಷ್ಟವೇ ಹೆಚ್ಚು. ಉಳಿದವರಿಗೆಲ್ಲ ನನ್ನ ಸಲಹೆ ಒಂದೇ: ಸವೆದ ಬೆಲ್ಟಿನ ಜಾಗದಲ್ಲಿ ಒಳ್ಳೆಯ ಗುಣದ ಹೊಸ ಬೆಲ್ಟು, ಚಪ್ಪಟೆ ರೋಲರಿನ ಜಾಗದಲ್ಲಿ ಅದೇ ತೂಕದ ದುಂಡು ರೋಲರು ಹಾಕಿಸಿ ನೋಡಿ. ಕಳೆದುಹೋಗಿದ್ದ ಪಿಕಪ್ಪು ಬಹುಮಟ್ಟಿಗೆ ಅಲ್ಲಿಯೇ ಸಿಕ್ಕುತ್ತದೆ. ಎಂಜಿನ್ನು ಬಿಚ್ಚಿಸುವ ಖರ್ಚಿನ ಮುಂದೆ ಇದು ಅಲ್ಪವೇ ಸರಿ.

ವಿದ್ಯುತ್ತಿನ ಸ್ಕೂಟರುಗಳು ಈಗ ನಮ್ಮ ಪೇಟೆಗಳಿಗೂ ಬಂದಿವೆ. ಅವುಗಳಲ್ಲಿ ವೇರಿಯೇಟರೂ ಇಲ್ಲ, ಈ ಕ್ಲಚ್ಚೂ ಇಲ್ಲ. ಆದರೆ ಪೆಟ್ರೋಲಿನ ಗಾಡಿಗಳಿನ್ನೂ ಬಹುಮಂದಿಯ ಅಂಗಳದಲ್ಲಿವೆ. ಮಕ್ಕಳು ಓದಿ ಕೆಲಸಕ್ಕೆ ಸೇರುವವರೆಗೂ ಅವು ದುಡಿಯಬೇಕಾಗಿದೆ. ಆದುದರಿಂದ ಓದುಗರು ಈ ಭಾನುವಾರ ಒಂದು ಚಿಕ್ಕ ಕೆಲಸ ಮಾಡಲಿ. ಗಾಡಿ ಈವರೆಗೆ ಓಡಿದ ಕಿಲೋಮೀಟರನ್ನೂ ಬೆಲ್ಟು ಕಡೆಯ ಬಾರಿ ಬದಲಾದ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗಿನ ಕಾಗದಪತ್ರಗಳೊಡನೆ ಇಡಲಿ. ಎರಡನೆಯ ಅಂಕಿ ಮನೆಯಲ್ಲಿ ಯಾರಿಗೂ ನೆನಪಿಲ್ಲವಾದರೆ, ಸೋಮವಾರ ಬೆಳಗ್ಗೆ ಗಾಡಿ ಮೊದಲು ಹೋಗಬೇಕಾದುದು ಮೇಸ್ತ್ರಿಯ ಬಳಿಗೆ.